ಓದುವ ಟೆನ್ಷನ್, ರಕ್ತ ಬರುವ ವಸಡು

ಧಾರವಾಡದ ಸಪ್ತಾಪುರದ ಒಂದು ವಾಚನಾಲಯದಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರ ಮುಂದೆ ಆಡಿದ ಮಾತುಗಳು ಇವು. ಬರೆದು ಕೊಡಿ ಮೇಡಂ, ಊರಿಗೂ ಕಳಿಸ್ತೀವಿ ಅಂತ ಕೆಲವರು ಕೇಳಿದರು. ಅದಕ್ಕೇ ಬರೆದಿದ್ದೇನೆ. ಮಾತಾಡುವಾಗ ಬಿಟ್ಟುಹೋದದ್ದನ್ನು ಸ್ವಲ್ಪ ಸೇರಿಸಿದ್ದೇನೆ, ಕೊನೆಗೆ ಬಂದ ಪ್ರಶ್ನೆಗಳನ್ನೂ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಹಲ್ಲಿನ ಡಾಕ್ಟರ್, ಅದರಲ್ಲೂ ವಸಡಿನ ಕಡೆಯವಳು. ಹಲ್ಲಿಗಿಂತ ಹಲ್ಲು ನಿಂತಿರುವ ಜಾಗ ನೋಡುವುದು ನನ್ನ ಕೆಲಸ. ವಸಡು, ಅದರೊಳಗಿನ ಎಲುಬು, ಎಲುಬನ್ನೂ ಹಲ್ಲನ್ನೂ ಹಿಡಿದಿಟ್ಟಿರುವ ಸಣ್ಣ ಸಣ್ಣ ನಾರುಗಳು. ಧಾರವಾಡದಲ್ಲಿ ಕ್ಲಿನಿಕ್ ಇಟ್ಟವರಿಗೆ ಓದುವ ಹುಡುಗರು ಹೊಸಬರಲ್ಲ. ಗದಗ, ಹಾವೇರಿ, ಕೊಪ್ಪಳ, ವಿಜಯಪುರ, ಎಲ್ಲ ಕಡೆಯಿಂದ ಬಂದು ಇಲ್ಲಿ ರೂಮು ಮಾಡಿಕೊಂಡು ಕೆಎಎಸ್, ಪಿಎಸ್‌ಐ, ಪಿಡಿಒ ಅಂತ ವರ್ಷಗಟ್ಟಲೆ ಓದುತ್ತೀರಿ. ನೀವು ನನ್ನ ಹತ್ತಿರ ಜಾಸ್ತಿ ಬರುವುದು ಪರೀಕ್ಷೆ ಹತ್ತಿರ ಬಂದಾಗ. ಇಲ್ಲವೇ ಪರೀಕ್ಷೆ ಮುಂದಕ್ಕೆ ಹೋದಾಗ.

ಬಂದವರು ಹೇಳುವ ಮಾತು ಹೆಚ್ಚೂಕಡಿಮೆ ಒಂದೇ. "ಉಷ್ಣ ಆಗೇತ್ರಿ ಮೇಡಂ, ಬ್ರಷ್ ಮಾಡಿದ್ರ ರಕ್ತ ಬರಾಕತ್ತೇತಿ." ಯಾವಾಗಿನಿಂದ ಅಂತ ಕೇಳಿದರೆ, ತಿಂಗಳಾಯಿತು, ಎರಡು ತಿಂಗಳಾಯಿತು. ಮಜ್ಜಿಗೆ ಕುಡಿದು ನೋಡಿರುತ್ತಾರೆ. ಸಬ್ಜಾ ಬೀಜ ನೆನೆಸಿ ಕುಡಿದಿರುತ್ತಾರೆ. ರಕ್ತ ಬರುತ್ತದೆ ಅಂತ ಆ ಜಾಗದಲ್ಲಿ ಬ್ರಷ್ ಆಡಿಸುವುದನ್ನೇ ಬಿಟ್ಟಿರುತ್ತಾರೆ. ಮಜ್ಜಿಗೆ ಕುಡಿಯಿರಿ, ಒಳ್ಳೆಯದು, ಆದರೆ ರಕ್ತ ಬರುವ ಜಾಗದಲ್ಲಿ ಬ್ರಷ್ ಬಿಡುವುದು ಮಾತ್ರ ಪೂರ್ತಿ ಉಲ್ಟಾ ಕೆಲಸ. ಆ ಜಾಗಕ್ಕೇ ಬ್ರಷ್ ಹೆಚ್ಚು ಬೇಕಾಗಿರುತ್ತದೆ.

ಟೆನ್ಷನ್‌ಗೂ ವಸಡಿಗೂ ಏನು ಸಂಬಂಧ ಅನ್ನುವುದಕ್ಕೆ ಬರುವ ಮುಂಚೆ, ವಸಡಿನಲ್ಲಿ ರಕ್ತ ಯಾಕೆ ಬರುತ್ತದೆ ಅನ್ನುವುದು ಗಟ್ಟಿಯಾಗಬೇಕು. ಊಟ ಆದ ಮೇಲೆ ಹಲ್ಲಿನ ಬುಡದಲ್ಲಿ ನಾಲಿಗೆ ಆಡಿಸಿದರೆ ಲೋಳೆಯ ಥರ ಏನೋ ತಾಗುತ್ತದಲ್ವಾ, ಅದನ್ನು ಪಾಚಿ ಅನ್ನೋಣ. ಅದು ಬರೀ ಅನ್ನದ ಅಗುಳಲ್ಲ. ಜೀವಂತ ಬ್ಯಾಕ್ಟೀರಿಯಾಗಳ ಪದರ. ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಕೆಲವೇ ದಿನಗಳಲ್ಲಿ ಗಟ್ಟಿಯಾಗಲು ಶುರುವಾಗುತ್ತದೆ, ಅದೇ ಗಾರೆ. ಗಾರೆ ಆದ ಮೇಲೆ ಬ್ರಷ್‌ಗೆ ಬಗ್ಗುವುದಿಲ್ಲ, ನಾವೇ ತೆಗೆಯಬೇಕು. ಈ ಪದರದ ವಿರುದ್ಧ ದೇಹ ವಸಡಿಗೆ ರಕ್ತ ಜಾಸ್ತಿ ಕಳಿಸುತ್ತದೆ, ಬಿಳಿ ರಕ್ತಕಣ ಕಳಿಸುತ್ತದೆ, ವಸಡು ಕೆಂಪಾಗಿ ಉಬ್ಬುತ್ತದೆ, ಮುಟ್ಟಿದರೆ ರಕ್ತ.

ಇದನ್ನು ಊಹೆ ಮಾಡಿ ಹೇಳಿದ್ದಲ್ಲ. ಡೆನ್ಮಾರ್ಕಿನ ಆರ್ಹುಸ್ ಊರಿನಲ್ಲಿ ಹರಾಲ್ಡ್ ಲೋ ಮತ್ತು ಅವರ ಸಂಗಡಿಗರು ವಸಡು ಚೆನ್ನಾಗಿದ್ದ 12 ಜನರಿಗೆ ಬ್ರಷ್ ಮಾಡುವುದನ್ನು ನಿಲ್ಲಿಸಿ ಅಂದರು. ಹೆಚ್ಚಿನವರು ಹಲ್ಲಿನ ಡಾಕ್ಟರ್ ಆಗಲು ಓದುತ್ತಿದ್ದ ಹುಡುಗರು. ಸುಮಾರು 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಬ್ರಷ್ ಶುರು ಮಾಡಿಸಿದರು, ಸುಮಾರು ಒಂದು ವಾರದಲ್ಲಿ ಎಲ್ಲರದೂ ಮೊದಲಿನಂತಾಯಿತು. 1965ರಲ್ಲಿ ಅದು ಅಚ್ಚಾಯಿತು. ನಮ್ಮ ಓದಿನಲ್ಲಿ ಇವತ್ತಿಗೂ ಮೊದಲ ಪಾಠ ಅದೇ. ಪಾಚಿ ಇಲ್ಲದೆ ಈ ಕಾಯಿಲೆ ಇಲ್ಲ. ಹಾಗಾಗಿ ಟೆನ್ಷನ್ ಒಂದೇ ವಸಡು ಕೆಡಿಸುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಿದ್ದರೆ ಇವತ್ತು ಟೆನ್ಷನ್ ಬಗ್ಗೆ ಮಾತು ಯಾಕೆ? ಒಂದೇ ರೂಮಿನಲ್ಲಿ ಇರುವ ಇಬ್ಬರು, ಒಂದೇ ಮೆಸ್ಸಿನ ಊಟ, ಇಬ್ಬರ ಹಲ್ಲಿನ ಮೇಲೂ ಪಾಚಿ ಇದೆ. ಒಬ್ಬನಿಗೆ ವಸಡು ಸ್ವಲ್ಪ ಕೆಂಪಾಗಿದೆ ಅಷ್ಟೇ. ಇನ್ನೊಬ್ಬನಿಗೆ ಇಪ್ಪತ್ತೇಳನೇ ವಯಸ್ಸಿಗೇ ಎಲುಬು ಕರಗಲು ಶುರುವಾಗಿದೆ. ಹುಟ್ಟಿನಿಂದ ಬಂದ ಗುಣ ಒಂದು ಕಾರಣ, ಬೀಡಿ ಸಿಗರೇಟು ಗುಟ್ಕಾ ದೊಡ್ಡ ಕಾರಣ, ಸಕ್ಕರೆ ಕಾಯಿಲೆಯೂ ದೊಡ್ಡದೇ. ಇವುಗಳ ಜೊತೆಗೆ ತಿಂಗಳುಗಟ್ಟಲೆ ಇಳಿಯದ ಚಿಂತೆಯೂ ಸೇರುತ್ತದೆ. ಬೆಂಕಿ ಹಚ್ಚುವುದು ಪಾಚಿ. ಅದು ಎಷ್ಟು ಹರಡುತ್ತದೆ ಅನ್ನುವುದರಲ್ಲಿ ಚಿಂತೆಯ ಕೈಯೂ ಇದೆ. ನಾನು ಇವತ್ತು ಹೇಳಲು ಬಂದದ್ದು ಇದನ್ನೇ.

ಆ ಕೈ ಎರಡು ದಾರಿಯಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು ಯಾವ ಲ್ಯಾಬೂ ಬೇಕಿಲ್ಲದೆ ಕಾಣುವಂಥದ್ದು. ನಿಮ್ಮ ದಿನ ನೋಡಿ. ರಾತ್ರಿ ಒಂದೂವರೆಗೆ ಪುಸ್ತಕ ಮುಚ್ಚುತ್ತೀರಿ. ಕಾಮನ್ ಬಾತ್‌ರೂಮಿಗೆ ಹೋಗಿ ಬ್ರಷ್ ಮಾಡುವಷ್ಟು ಮನಸ್ಸು ಇರುವುದಿಲ್ಲ, ಹಂಗೇ ಮಲಗುತ್ತೀರಿ. ಓದುವಾಗ ನಿದ್ದೆ ತಡೆಯಲು ಚಹಾ, ಚಹಾದ ಜೊತೆ ಬಿಸ್ಕಿಟು, ಸಂಜೆ ಗಿರಮಿಟ್ಟು ಮಿರ್ಚಿ. ಚುರಮುರಿ ಹಲ್ಲಿನ ಸಂದಿಯಲ್ಲಿ ಹೇಗೆ ಕೂರುತ್ತದೆ ಅಂತ ನಾನು ದಿನಾ ನೋಡುತ್ತೇನೆ. ಬೆಳಿಗ್ಗೆ ಎದ್ದು ಕ್ಲಾಸಿಗೆ ತಡವಾಯಿತು ಅಂತ ಅರ್ಧ ನಿಮಿಷದ ಬ್ರಷ್. ಮನೆಯಲ್ಲಿ ಅವ್ವ ಇದ್ದಿದ್ದರೆ ಹಣ್ಣು ಹೆಚ್ಚಿ ಕೊಡುತ್ತಿದ್ದರು, ಇಲ್ಲಿ ಯಾರು ಕೊಡಬೇಕು? ನಿದ್ದೆ ಐದು ತಾಸಿಗಿಂತ ಕಡಿಮೆ. ಗೆಳೆಯ ಗುಟ್ಕಾ ಪಾಕೀಟು ಹರಿದಾಗ ಅದರಲ್ಲಿ ಅರ್ಧ ನಿಮ್ಮ ಕೈಗೆ ಬರುತ್ತದೆ, ಟೆನ್ಷನ್ ಹೋಗಲಿ ಅಂತ.

ಇದಕ್ಕೆ ನಿಮ್ಮನ್ನು ಬೈಯುವುದಿಲ್ಲ. ಮನಸ್ಸಿನ ಮೇಲೆ ಭಾರ ಇದ್ದಾಗ ಮನುಷ್ಯ ಮೊದಲು ಬಿಡುವುದೇ ತನ್ನನ್ನು ತಾನು ನೋಡಿಕೊಳ್ಳುವ ಸಣ್ಣ ಕೆಲಸಗಳನ್ನು. ಜರ್ಮನಿಯಲ್ಲಿ ರೆನಾಟೆ ಡೈನ್ಸರ್ ಅನ್ನುವ ಸಂಶೋಧಕಿ ಮತ್ತು ಅವರ ತಂಡ ವೈದ್ಯಕೀಯ ಓದುವ ವಿದ್ಯಾರ್ಥಿಗಳ ಮೇಲೆ ಇದನ್ನೇ ನೋಡಿದರು. ದೊಡ್ಡ ಪರೀಕ್ಷೆ ಬರೆಯುವವರ ಹಲ್ಲಿನ ಮೇಲೆ ಪಾಚಿ ಜಾಸ್ತಿಯಾಗಿತ್ತು. ಅವರು ಡಾಕ್ಟರ್ ಆಗಲು ಓದುತ್ತಿದ್ದವರು, ಬ್ರಷ್ ಯಾಕೆ ಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಬಿಟ್ಟದ್ದಲ್ಲ, ಆಗಲಿಲ್ಲ ಅಂತ ಬಿಟ್ಟದ್ದು.

ಎರಡನೆಯ ದಾರಿ ದೇಹದ ಒಳಗಿನದು. ಚಿಂತೆಯಾದಾಗ ಮಿದುಳಿನಿಂದ ಸಂದೇಶ ಹೊರಟು ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಮುಟ್ಟುತ್ತದೆ. ಅಲ್ಲಿಂದ ಕಾರ್ಟಿಸಾಲ್ ಅನ್ನುವ ಹಾರ್ಮೋನು ರಕ್ತಕ್ಕೆ ಬರುತ್ತದೆ. ಸ್ವಲ್ಪ ಹೊತ್ತಿನ ಮಟ್ಟಿಗೆ ಇದು ಒಳ್ಳೆಯದೇ, ಎದುರಿಗೆ ಬಂದ ಲಾರಿಯಿಂದ ಪಕ್ಕಕ್ಕೆ ಹಾರುವಾಗ ದೇಹ ಎಚ್ಚರವಾಗಿರಬೇಕಲ್ಲ. ತೊಂದರೆ ಬರುವುದು ಲಾರಿ ಹೋದ ಮೇಲೂ ಅದು ಇಳಿಯದೆ ಹೋದಾಗ. ನೋಟಿಫಿಕೇಷನ್ ಯಾವಾಗ, ಕೀ ಆನ್ಸರ್ ಏನಾಗುತ್ತದೆ, ಕೋರ್ಟಿನಲ್ಲಿ ತಡೆ ಬಂತಾ, ವಯಸ್ಸಿನ ಮಿತಿ ಮುಗಿಯುತ್ತಾ, ಅಪ್ಪ ಈ ತಿಂಗಳು ದುಡ್ಡು ಎಲ್ಲಿಂದ ತಂದರು. ಈ ಥರದ ಚಿಂತೆ ವರ್ಷ ಎರಡು ವರ್ಷ ಎಳೆಯುತ್ತದೆ. ಅಷ್ಟು ದಿನ ಕಾರ್ಟಿಸಾಲ್ ಏರಿಳಿಯುತ್ತಲೇ ಇದ್ದರೆ, ರೋಗದ ವಿರುದ್ಧ ಹೋರಾಡುವ ವ್ಯವಸ್ಥೆಯ ಲೆಕ್ಕ ತಪ್ಪುತ್ತದೆ.

ಲೆಕ್ಕ ತಪ್ಪುತ್ತದೆ ಅಂದೆ, ಬರೀ ಕಡಿಮೆಯಾಗುತ್ತದೆ ಅನ್ನಲಿಲ್ಲ. ಇದು ನನಗೆ ತುಂಬ ಮುಖ್ಯ ಅನಿಸುವ ವಿಷಯ, ಸ್ವಲ್ಪ ನಿಧಾನವಾಗಿ ಕೇಳಿ.

1998ರಲ್ಲಿ ಅಮೆರಿಕದ ಒಹಾಯೋದಲ್ಲಿ ಮರೂಚಾ, ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು ಒಂದು ಅಧ್ಯಯನ ಅಚ್ಚು ಹಾಕಿಸಿದರು. ಹಲ್ಲಿನ ಕಾಲೇಜಿನ 11 ವಿದ್ಯಾರ್ಥಿಗಳು ಒಪ್ಪಿಕೊಂಡು ಬಾಯಿಯ ಅಂಗುಳದಲ್ಲಿ, ಅಂದರೆ ಮೇಲಿನ ಗಟ್ಟಿ ಭಾಗದಲ್ಲಿ, 3.5 ಮಿಲಿಮೀಟರ್ ಅಗಲದ ಸಣ್ಣ ಗಾಯ ಮಾಡಿಸಿಕೊಂಡರು. ಒಂದು ಗಾಯ ಬೇಸಿಗೆ ರಜೆಯಲ್ಲಿ. ಇನ್ನೊಂದು, ಮತ್ತೊಂದು ಬದಿಯಲ್ಲಿ, ಪರೀಕ್ಷೆಗೆ ಮೂರು ದಿನ ಮುಂಚೆ. ಅದೇ ಜನ, ಅದೇ ಬಾಯಿ, ಅಷ್ಟೇ ಗಾಯ. ಪರೀಕ್ಷೆಯ ಹೊತ್ತಿನ ಗಾಯ ಮಾಯಲು ಸರಾಸರಿ ಮೂರು ದಿನ ಹೆಚ್ಚು ಹಿಡಿಯಿತು, ಅಂದರೆ 40%ರಷ್ಟು ತಡ. 11 ಜನರಲ್ಲಿ ಒಬ್ಬರಿಗೂ ಪರೀಕ್ಷೆ ಹೊತ್ತಿನಲ್ಲಿ ರಜೆಯಷ್ಟು ಬೇಗ ಮಾಯಲಿಲ್ಲ. ರಿಪೇರಿ ಕೆಲಸಕ್ಕೆ ಕರೆ ಕೊಡುವ ಇಂಟರ್‌ಲ್ಯೂಕಿನ್-1 ಬೀಟಾ ಅನ್ನುವ ಪದಾರ್ಥ ಇದೆ, ಅದನ್ನು ತಯಾರಿಸುವ ಸೂಚನೆ ಅವರ ರಕ್ತದಲ್ಲಿ 68% ಇಳಿದಿತ್ತು.

ಈಗ ಮತ್ತೆ ಜರ್ಮನಿಗೆ ಬನ್ನಿ. ಡೈನ್ಸರ್ ತಂಡ ಇದೇ ಪದಾರ್ಥವನ್ನು ವಸಡಿನ ಸಂದಿನಲ್ಲಿ ಜಿನುಗುವ ದ್ರವದಲ್ಲಿ ಅಳೆದರು. ಪಾಚಿ ಕೂತ ಜಾಗದಲ್ಲಿ ಪರೀಕ್ಷೆ ಬರೆದವರಿಗೆ ಅದು ಜಾಸ್ತಿ ಇತ್ತು, ಪರೀಕ್ಷೆ ಇಲ್ಲದವರಿಗೆ ಕಡಿಮೆ. ಅಲ್ಲಿ ಕಡಿಮೆ, ಇಲ್ಲಿ ಜಾಸ್ತಿ, ಇದೇನಿದು ಅಂತ ನಿಮ್ಮಲ್ಲಿ ಯಾರಿಗಾದರೂ ಅನಿಸಿದರೆ ಸರಿಯಾಗಿಯೇ ಓದುತ್ತಿದ್ದೀರಿ ಅಂತ ಅರ್ಥ. ಹೊಸ ಗಾಯದಲ್ಲಿ ಮೊದಲ ಒಂದೆರಡು ದಿನ ಈ ಪದಾರ್ಥ ಬೇಕು, ಅದು ಬಂದರೇ ರಿಪೇರಿ ಶುರು. ವಸಡಿನಲ್ಲಿ ಅದು ದಿನಗಟ್ಟಲೆ ಉಳಿದರೆ ಅದೇ ನಾರನ್ನು ಕರಗಿಸುತ್ತದೆ, ಎಲುಬನ್ನು ತಿನ್ನುವ ಕಣಗಳನ್ನು ಎಬ್ಬಿಸುತ್ತದೆ. ಬೇಕಾದ ಹೊತ್ತಿಗೆ ಸಾಲದೆ, ಬೇಡವಾದ ಹೊತ್ತಿಗೆ ಹೆಚ್ಚಾಗಿ. ಒತ್ತಡದಲ್ಲಿ ದೇಹಕ್ಕೆ ಆಗುವ ತೊಂದರೆ ಇದು. ಅದಕ್ಕೇ ಬರೀ "ಇಮ್ಯುನಿಟಿ ಹೆಚ್ಚಿಸುವ" ಪುಡಿ, ಸಿರಪ್ಪು ತಂದು ಕುಡಿದರೆ ವಸಡಿಗೆ ಏನೂ ಆಗುವುದಿಲ್ಲ. ಸುಮ್ನೆ ದುಡ್ಡು ಖರ್ಚು.

ಇನ್ನು ದುಡ್ಡಿನ ಚಿಂತೆ. ಇಲ್ಲಿ ಕೂತವರಲ್ಲಿ ಬಹಳ ಜನರ ಮನೆಯವರು ರೈತರು. ಗದಗ ಕಡೆ ಉಳ್ಳಾಗಡ್ಡಿ ರೇಟು ಬಿದ್ದ ವರ್ಷ, ಹೆಸರು ಕೊಯ್ಯುವ ಹೊತ್ತಿಗೆ ಮಳೆ ಹಿಡಿದ ವರ್ಷ, ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ದರ ಕುಸಿದ ವರ್ಷ ಮನೆಯಲ್ಲಿ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಅಮೆರಿಕದ ಬಫಲೋ ಊರು ಇರುವ ಈರಿ ಕೌಂಟಿಯಲ್ಲಿ ರಾಬರ್ಟ್ ಜೆಂಕೋ ಮತ್ತು ಸಂಗಡಿಗರು 25ರಿಂದ 74 ವಯಸ್ಸಿನ 1,426 ಜನರ ವಸಡು ಮತ್ತು ಎಲುಬು ನೋಡಿ, ಅವರ ಜೀವನದ ಕಷ್ಟಗಳನ್ನೂ ಕೇಳಿ, 1999ರಲ್ಲಿ ಬರೆದರು. ದುಡ್ಡಿನ ಒತ್ತಡ ಜಾಸ್ತಿ ಇದ್ದವರಲ್ಲಿ ವಸಡು ಕಳಚಿದ್ದೂ ಎಲುಬು ಕರಗಿದ್ದೂ ಜಾಸ್ತಿ. ವಯಸ್ಸು, ಸಿಗರೇಟು ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ.

ಆದರೆ ಆ ಅಧ್ಯಯನದಲ್ಲಿ ನನಗೆ ಹಿಡಿಸಿದ ಮಾತು ಬೇರೆ. ಅಷ್ಟೇ ದುಡ್ಡಿನ ಕಷ್ಟ ಇದ್ದು, ಸಮಸ್ಯೆಯನ್ನು ಎದುರಿಗಿಟ್ಟುಕೊಂಡು ಏನಾದರೂ ದಾರಿ ಹುಡುಕುತ್ತಿದ್ದವರ ವಸಡು, ಕಷ್ಟವೇ ಇಲ್ಲದವರ ವಸಡಿಗಿಂತ ಕೆಟ್ಟಿರಲಿಲ್ಲ. ಕಷ್ಟವನ್ನು ಒಳಗೇ ಇಟ್ಟುಕೊಂಡು ಕೊರಗುತ್ತಿದ್ದವರಲ್ಲಿ ರೋಗ ಜಾಸ್ತಿ ಕಂಡಿತು. ಇದನ್ನು ಬಡವರಿಗೆ "ನೀವು ಧೈರ್ಯವಾಗಿರಿ" ಅಂತ ಉಪದೇಶ ಮಾಡಲು ಯಾರೂ ಬಳಸಬಾರದು, ನನಗೆ ಅದು ಇಷ್ಟವಿಲ್ಲ. ಸಾಲ ಸಾಲವೇ. ಆದರೆ ಮನೆಯವರ ಜೊತೆ, ಗೆಳೆಯರ ಜೊತೆ ಬಾಯಿಬಿಟ್ಟು ಮಾತಾಡುವುದು, ಸಹಾಯ ಕೇಳುವುದು, ಇವು ಮನಸ್ಸಿಗೆ ಮಾತ್ರ ಅಲ್ಲ, ದೇಹಕ್ಕೂ ಮುಟ್ಟುವ ಕೆಲಸ ಅಂತ ನಾನು ತಿಳಿಯುತ್ತೇನೆ.

ಒಂದು ಎಚ್ಚರಿಕೆ. ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ಒಂದೇ ಹೊತ್ತಿನಲ್ಲಿ ಎರಡನ್ನೂ ನೋಡಿದವು. ಚಿಂತೆ ಮೊದಲೋ ವಸಡಿನ ರೋಗ ಮೊದಲೋ ಅಂತ ಅವುಗಳಿಂದ ಖಡಾಖಂಡಿತ ಹೇಳಲು ಬರುವುದಿಲ್ಲ. ಬಾಯಿ ವಾಸನೆ ಬಂದು ನಾಲ್ಕು ಜನರ ಮಧ್ಯೆ ಮಾತಾಡಲು ಹಿಂಜರಿಯುವವರಿಗೆ, ಇಂಟರ್‌ವ್ಯೂ ಇದೆ ಅಂತ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತಾಡಿ ರೂಢಿ ಮಾಡಿಕೊಂಡವರಿಗೆ, ವಸಡೇ ಟೆನ್ಷನ್ ಕೊಡುತ್ತಿರುತ್ತದೆ. ಎರಡೂ ಕಡೆಯಿಂದ ನಡೆಯುವ ವ್ಯವಹಾರ ಇದು.

ಒಂದು ರೋಗದಲ್ಲಿ ಮಾತ್ರ ಟೆನ್ಷನ್‌ನ ಪಾತ್ರದ ಬಗ್ಗೆ ನಮ್ಮವರಲ್ಲಿ ಜಾಸ್ತಿ ವಾದವಿಲ್ಲ. ಹಲ್ಲುಗಳ ನಡುವೆ ತ್ರಿಕೋನದ ಥರ ವಸಡಿನ ತುದಿ ಇರುತ್ತದಲ್ಲ, ಅದು ಕೆಲವೇ ದಿನದಲ್ಲಿ ಕೊಳೆತು, ಯಾರೋ ಕಿತ್ತುಕೊಂಡ ಹಾಗೆ ತಗ್ಗು ಬೀಳುತ್ತದೆ. ಮೇಲೆ ಬೂದು ಬಣ್ಣದ ಪೊರೆ. ತಡೆಯಲಾರದ ನೋವು, ತಾನಾಗಿಯೇ ರಕ್ತ, ಪಕ್ಕದಲ್ಲಿ ನಿಂತವರಿಗೂ ತಿಳಿಯುವಂಥ ವಾಸನೆ, ಕೆಲವರಿಗೆ ಜ್ವರ. 1914ರಿಂದ 1918ರ ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲಿ ತಿಂಗಳುಗಟ್ಟಲೆ ಕೂತ ಸೈನಿಕರಲ್ಲಿ ಇದು ಎಷ್ಟು ಕಂಡಿತೆಂದರೆ, ಇಂಗ್ಲಿಷಿನಲ್ಲಿ ಅದಕ್ಕೆ ಕಂದಕದ ಬಾಯಿ ಅಂತಲೇ ಹೆಸರು ಬಿತ್ತು. ಭಯ, ನಿದ್ದೆ ಇಲ್ಲ, ಸರಿಯಾದ ಊಟ ಇಲ್ಲ, ಸಿಗರೇಟು, ಬಾಯಿ ತೊಳೆಯಲು ನೀರಿಲ್ಲ. ಇವತ್ತು ಯುದ್ಧವಿಲ್ಲದ ಊರಿನಲ್ಲಿ ಇದು ಕಾಣುವುದು ಹೆಚ್ಚಾಗಿ ಹರೆಯದವರಲ್ಲೇ, ವಿದ್ಯಾರ್ಥಿಗಳಲ್ಲೂ. ಅಪರೂಪ, ಆದರೆ ಇಂಥ ಲಕ್ಷಣ ಕಂಡರೆ ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ. ಅದೇ ದಿನ, ಆಗದಿದ್ದರೆ ಮರುದಿನ ಡಾಕ್ಟರ ಹತ್ತಿರ ಹೋಗಿ. ಬೇಗ ಬಂದರೆ ನೋವು ಎರಡು ಮೂರು ದಿನದಲ್ಲೇ ಇಳಿಸಬಹುದು.

ರಾತ್ರಿ ಹಲ್ಲು ಕಡಿಯುವುದು ಇನ್ನೊಂದು. ರೂಮ್‌ಮೇಟ್ ಹೇಳುವ ತನಕ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಬೆಳಿಗ್ಗೆ ಎದ್ದಾಗ ಕಿವಿಯ ಮುಂದೆ ದವಡೆ ಬಿಗಿದಿರುತ್ತದೆ, ತಲೆ ಪಕ್ಕದಲ್ಲಿ ನೋವು. ಕಡಿಯುವುದರಿಂದ ವಸಡಿನ ರೋಗ ಹುಟ್ಟುವುದಿಲ್ಲ, ಆದರೆ ಮೊದಲೇ ಎಲುಬು ಕರಗಿದ ಹಲ್ಲಾದರೆ ಅದು ಅಲುಗಾಡುವುದು ಜಾಸ್ತಿಯಾಗುತ್ತದೆ. ರಾತ್ರಿ ಹಾಕಿಕೊಳ್ಳುವ ಗಾರ್ಡ್ ಮಾಡಿಕೊಡಲು ಬರುತ್ತದೆ.

ಗುಟ್ಕಾದ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಗಿದೆ. ಈಗ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು, ಎರಡೂ ಕೂಡಿಸಿ ತಿನ್ನುತ್ತಾರೆ. ಇಟ್ಟ ಜಾಗದಲ್ಲೇ ವಸಡು ಕೆಳಗೆ ಸರಿದು ಬೇರು ಕಾಣುತ್ತದೆ. ಬಾಯಿ ತೆರೆಯುವುದೇ ಕಡಿಮೆಯಾಗುತ್ತ ಬರುತ್ತದೆ, ಕ್ಯಾನ್ಸರಿಗೆ ದಾರಿ. ಬೀಡಿ ಸಿಗರೇಟಿನ ಮೋಸ ಇನ್ನೊಂದು ಥರದ್ದು. ಅದು ವಸಡಿನ ರಕ್ತನಾಳ ಕುಗ್ಗಿಸುತ್ತದೆ, ಹಾಗಾಗಿ ಒಳಗೆ ಎಲುಬು ಕರಗುತ್ತಿದ್ದರೂ ಹೊರಗೆ ರಕ್ತ ಬರುವುದಿಲ್ಲ. ನನಗೆ ರಕ್ತ ಬರಲ್ಲ, ನನ್ನ ವಸಡು ಗಟ್ಟಿ ಅಂತ ಸಿಗರೇಟು ಸೇದುವವರು ಹೇಳಿದರೆ ನನಗೆ ಸಮಾಧಾನ ಆಗುವುದಿಲ್ಲ. ಟೆನ್ಷನ್ ಕಳೆಯಲು ಹಿಡಿದ ಚಟ ಟೆನ್ಷನ್‌ಗಿಂತ ಹೆಚ್ಚು ವಸಡು ತಿನ್ನುತ್ತದೆ.

ಎಲುಬು ಕರಗುತ್ತದೆ ಅಂತ ಮತ್ತೆ ಮತ್ತೆ ಹೇಳುತ್ತಿದ್ದೇನೆ, ಯಾಕೆಂದರೆ ಅಲ್ಲಿಗೆ ಹೋಗುವ ಮುಂಚೆಯೇ ಹಿಡಿಯಬೇಕು. ಬರೀ ವಸಡು ಊದಿ ರಕ್ತ ಬರುವ ಹಂತದಲ್ಲಿದ್ದರೆ ಪೂರ್ತಿ ವಾಪಸ್ ಸರಿಯಾಗುತ್ತದೆ. ವಸಡಿಗೂ ಹಲ್ಲಿಗೂ ನಡುವಿನ ಸಂದು ಆರೋಗ್ಯವಾಗಿದ್ದಾಗ ಹೆಚ್ಚೆಂದರೆ 3 ಮಿಲಿಮೀಟರ್ ಆಳ. ಅದು ನಾಲ್ಕು, ಐದು, ಆರು ಅಂತ ಇಳಿದರೆ ಬ್ರಷ್ ಅಲ್ಲಿಗೆ ಮುಟ್ಟುವುದಿಲ್ಲ, ಪಾಚಿ ಒಳಗೇ ಕೂತು ಎಲುಬು ಇಳಿಯುತ್ತ ಹೋಗುತ್ತದೆ. ಎರಿ ಹೊಲದ ಮೇಲ್ಮಣ್ಣು ಮಳೆಗೆ ಕೊಚ್ಚಿ ಹೋದ ಹಾಗೆ ಅದು. ಇನ್ನು ಮುಂದೆ ಹೋಗದಂತೆ ಬದು ಹಾಕಬಹುದು, ಹೋದದ್ದನ್ನು ಪೂರ್ತಿ ತರುವುದು ಕಷ್ಟ. ಈ ಕಡೆಯ ಜನ ನನ್ನ ಹತ್ತಿರ ಬರುವುದು ಹೆಚ್ಚಾಗಿ ಖಡಕ್ ರೊಟ್ಟಿ ಕಡಿಯಲು ಬಾರದೆ ಹೋದಾಗ. "ರೊಟ್ಟಿ ಸಾರಿನ್ಯಾಗ ನೆನಸಿ ತಿನ್ನಾಕತ್ತೇನ್ರಿ" ಅನ್ನುತ್ತಾರೆ. ಅಷ್ಟರಲ್ಲಿ ವರ್ಷಗಳೇ ಆಗಿರುತ್ತವೆ. ನೋವು ಇರುವುದಿಲ್ಲ, ಅದೇ ಈ ರೋಗದ ಕೆಟ್ಟ ಗುಣ.

ಹಾಗಾದರೆ ಓದುವವರು ಏನು ಮಾಡಬೇಕು? ಟೆನ್ಷನ್ ಬಿಡಿ ಅಂತ ನಾನು ಹೇಳಲಾರೆ. ಕೆಲಸ ಸಿಗುವ ತನಕ ಅದು ಹೋಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಮೊದಲ ದಾರಿ, ಕೈಬಿಟ್ಟ ಕೆಲಸಗಳ ದಾರಿ, ನಿಮ್ಮ ಕೈಯಲ್ಲೇ ಇದೆ. ದಿನಕ್ಕೆ ಎರಡು ಸಲ ಬ್ರಷ್. ಒಂದು ಸಲ ಮಾತ್ರ ಆಗುತ್ತದೆ ಅನ್ನುವಂಥ ದಿನ ಬಂದರೆ ರಾತ್ರಿಯದನ್ನು ಉಳಿಸಿಕೊಳ್ಳಿ, ನಿದ್ದೆಯಲ್ಲಿ ಜೊಲ್ಲು ತೀರ ಕಡಿಮೆಯಾಗುತ್ತದೆ, ಬಾಯಿ ತನ್ನನ್ನು ತಾನು ತೊಳೆದುಕೊಳ್ಳುವುದಿಲ್ಲ. ಒಂದೂವರೆಗೆ ಓದು ಮುಗಿಸಿದ ಮೇಲೆ ಬ್ರಷ್ ಮಾಡುತ್ತೇನೆ ಅಂದರೆ ಆಗುವುದಿಲ್ಲ. ರಾತ್ರಿ ಊಟ ಆದ ತಕ್ಷಣ, ಮತ್ತೆ ಓದಲು ಕೂರುವ ಮೊದಲೇ ಮಾಡಿ, ಆಮೇಲೆ ನೀರು ಬಿಟ್ಟು ಏನೂ ಬೇಡ. ನಾನು ಇದನ್ನು ಹೇಳಿದ ಹುಡುಗರಲ್ಲಿ ನಡೆಸಿಕೊಂಡು ಹೋದವರು ಜಾಸ್ತಿ, ಯಾಕೆಂದರೆ ಆ ಹೊತ್ತಿನಲ್ಲಿ ಇನ್ನೂ ಮೈಯಲ್ಲಿ ಶಕ್ತಿ ಇರುತ್ತದೆ.

ಬ್ರಷ್ ಸಾಫ್ಟ್ ಇರಲಿ. ಹಲ್ಲಿಗೂ ವಸಡಿಗೂ ಸೇರುವ ಗೆರೆಯ ಮೇಲೆ ಸ್ವಲ್ಪ ಓರೆಯಾಗಿ ಹಿಡಿದು, ಗರಗಸದ ಥರ ತಿಕ್ಕದೆ, ಒಂದೊಂದೇ ಜಾಗದಲ್ಲಿ ಸಣ್ಣಗೆ ಅಲುಗಿಸಿ. ಎರಡು ನಿಮಿಷ. ರಕ್ತ ಬಂದರೂ ನಿಲ್ಲಿಸಬೇಡಿ, ಚೆನ್ನಾಗಿ ಮಾಡಿದರೆ ಒಂದೆರಡು ವಾರದಲ್ಲಿ ಕಡಿಮೆಯಾಗಬೇಕು, ಆಗದಿದ್ದರೆ ಗಾರೆ ಇದೆ ಅಂತ ಅರ್ಥ, ಬಂದು ತೋರಿಸಿ. ಹಲ್ಲಿನ ಸಂದಿಗೆ ಬ್ರಷ್ ಹೋಗುವುದಿಲ್ಲ, ಅದಕ್ಕೆ ಫ್ಲಾಸ್ ದಾರ ಇಲ್ಲವೇ ಸಂದಿಯ ಸಣ್ಣ ಬ್ರಷ್, ಎರಡೂ ಔಷಧಿ ಅಂಗಡಿಯಲ್ಲಿ ಸಿಗುತ್ತವೆ. ಪಿನ್ನು, ಸೂಜಿ, ಬೆಂಕಿಕಡ್ಡಿ ಹಾಕಿ ಚುಚ್ಚಬೇಡಿ. ಇದ್ದಿಲು, ಇಟ್ಟಿಗೆ ಪುಡಿ, ಮಿಶ್ರಿ ಅನ್ನುವ ಸುಟ್ಟ ತಂಬಾಕಿನ ಪುಡಿ ಹಚ್ಚಿ ತಿಕ್ಕಬೇಡಿ.

ಮನಸ್ಸಿನ ವಿಷಯಕ್ಕೆ ನಾನು ತಜ್ಞೆ ಅಲ್ಲ. ಆದರೆ ಬಾಯಿ ನೋಡುವಾಗ ನಾನು ನಿದ್ದೆ ಬರುತ್ತಾ, ಊಟ ಸೇರುತ್ತಾ ಅಂತ ಕೇಳುತ್ತೇನೆ. ಎಲ್ಲ ಹಲ್ಲಿನ ಡಾಕ್ಟರೂ ಕೇಳಬೇಕು ಅಂತ ನನ್ನ ಹಟ. ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನಿಸುತ್ತದೆ ಅಂದರೆ ಇದೇ ಊರಿನಲ್ಲಿ ಡಿಮ್ಹಾನ್ಸ್ ಇದೆ, ಮನಸ್ಸಿನ ಆರೋಗ್ಯಕ್ಕೆಂದೇ ಇರುವ ಸರ್ಕಾರಿ ಸಂಸ್ಥೆ. ಅಲ್ಲಿಗೆ ಹೋಗಲು ನಾಚಿಕೆ ಯಾಕೆ? ಹೋಗಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿಮಾನಸ್ ಸೇವೆ, ದುಡ್ಡಿಲ್ಲ, ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಪ್ರಶ್ನೆಗಳು.

ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲ ಆಗುತ್ತವಂತೆ, ಸಂದು ಬೀಳುತ್ತದಂತೆ, ಹೌದಾ ಅಂತ ಒಬ್ಬರು ಕೇಳಿದರು. ಇಲ್ಲ. ಗಾರೆ ತುಂಬಿಕೊಂಡಿದ್ದ ಜಾಗ ಖಾಲಿಯಾದಾಗ, ಮೊದಲೇ ಇಳಿದಿದ್ದ ವಸಡು ಕಾಣುತ್ತದೆ, ಸಂದು ಹೊಸದಾಗಿ ಬಿದ್ದದ್ದಲ್ಲ. ಕೆಲವು ದಿನ ತಣ್ಣೀರು ಜುಂ ಅನ್ನುತ್ತದೆ, ಆಮೇಲೆ ಹೋಗುತ್ತದೆ. ಈ ಹೆದರಿಕೆಯಿಂದಲೇ ಎಷ್ಟೋ ಜನ ಹಲ್ಲು ಕಳೆದುಕೊಂಡಿದ್ದಾರೆ, ನನಗೆ ಇದರ ಬಗ್ಗೆ ಬೇಜಾರಿದೆ.

ಉಪ್ಪು ನೀರು ಮುಕ್ಕಳಿಸಿದರೆ ಸಾಕಾ? ಆರಾಮ ಕೊಡುತ್ತದೆ, ಊತಕ್ಕೆ ಒಳ್ಳೆಯದು. ಪಾಚಿ ತೆಗೆಯುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಅನ್ನುವ ಮೌತ್‌ವಾಶನ್ನು ಡಾಕ್ಟರ್ ಹೇಳಿದಷ್ಟು ದಿನ ಮಾತ್ರ ಬಳಸಿ, ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ನಾಲಿಗೆಯ ರುಚಿ ಕೆಡುತ್ತದೆ.

ವಿಟಮಿನ್ ಸಿ ಕಡಿಮೆ ಆಗಿ ರಕ್ತ ಬರುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೇವೆ ಮೇಡಂ ಅಂತ ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು. ತೀರ ಕಡಿಮೆಯಾದರೆ ಸ್ಕರ್ವಿ ಆಗಿ ಹೌದು. ಆದರೆ ನಿಮ್ಮಲ್ಲಿ ಹೆಚ್ಚಿನವರ ರಕ್ತಕ್ಕೆ ಕಾರಣ ಪಾಚಿ. ಮಾತ್ರೆ ನುಂಗಿ ಸುಮ್ಮನಾಗಬೇಡಿ. ಮೆಸ್ಸಿನ ಊಟದಲ್ಲಿ ಹಣ್ಣು ತರಕಾರಿ ಕಡಿಮೆ ಇರುತ್ತದೆ, ನಿಜ, ಧಾರವಾಡದಲ್ಲಿ ಒಳ್ಳೆಯ ಪೇರಲಹಣ್ಣು ಸಿಗುತ್ತದೆ, ಬಿಸ್ಕಿಟಿನ ದುಡ್ಡಿನಲ್ಲಿ ಅದನ್ನು ತಿನ್ನಿ.

ಮುಂಡರಗಿ ಕಡೆಯ ಒಬ್ಬ ಹುಡುಗ, "ನಮ್ಮ ಹಲ್ಲು ಹೆಂಗಿದ್ರೂ ನೀರಿಂದ ಕೆಟ್ಟಾವ್ರಿ, ಬ್ರಷ್ ಮಾಡಿ ಏನ್ ಉಪಯೋಗ" ಅಂದ. ಆ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಅದು ಹಲ್ಲಿನ ಮೇಲ್ಪದರದ ವಿಷಯ, ಹಲ್ಲು ಬೆಳೆಯುವಾಗಲೇ ಆದದ್ದು, ವಸಡಿಗೆ ಸಂಬಂಧ ಇಲ್ಲ. ಕಲೆ ಇರುವ ಹಲ್ಲನ್ನೂ ಗಟ್ಟಿ ವಸಡು ಎಪ್ಪತ್ತು ವರ್ಷ ಹಿಡಿದಿಡುತ್ತದೆ. ಕಲೆ ಮುಚ್ಚಲು ಆಮೇಲೆ ದಾರಿ ಇದೆ ತಮ್ಮಾ, ಈಗ ಬ್ರಷ್ ಬಿಡಬೇಡ ಅಂತ ಅವನಿಗೆ ಹೇಳಿದೆ.

ಕೊನೆಯ ಪ್ರಶ್ನೆ ಹಾವೇರಿಯ ಹುಡುಗಿಯದು. ಅವಳ ಅಪ್ಪನಿಗೆ ಸಕ್ಕರೆ ಕಾಯಿಲೆ, ಹಲ್ಲು ಅಲುಗಾಡುತ್ತಿವೆ, ಮನೆಯ ಚಿಂತೆಯಲ್ಲಿ ನಿದ್ದೆ ಬಾರದೆ ಅದಕ್ಕೂ ಮಾತ್ರೆ ತೆಗೆದುಕೊಳ್ಳುತ್ತಾರೆ, ಹಲ್ಲು ಕೀಳಿಸಿಬಿಡಬೇಕಾ ಅಂತ. ನೋಡದೆ ಕೀಳಿಸಬೇಡಿ ಅಂದೆ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟಿದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ, ಹಾಗಾಗಿ ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ, ಅದಕ್ಕೆ ಹೆದರಿ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ಕೊಟ್ಟ ಡಾಕ್ಟರಿಗೆ ಹೇಳಿದರೆ ಬದಲಿಸಬಹುದು, ಇಲ್ಲದಿದ್ದರೆ ಆಗಾಗ ನೀರು ಗುಟುಕರಿಸಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ದಂತ ವಿಭಾಗ ಇದೆ, ಧಾರವಾಡಕ್ಕೆ ಬರುವುದಾದರೆ ಸತ್ತೂರಿನಲ್ಲಿ ಹಲ್ಲಿನ ಕಾಲೇಜಿದೆ. ಬರುವಾಗ ಅಪ್ಪನ ಸಕ್ಕರೆಯ ಇತ್ತೀಚಿನ ರಿಪೋರ್ಟು ಮತ್ತು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ, ನಿದ್ದೆಯ ಮಾತ್ರೆಯದನ್ನೂ ಸೇರಿಸಿ, ತಪ್ಪದೆ ತರಲು ಹೇಳು ಅಂದೆ.